ಬಂಕಾಪುರದಲ್ಲಿ ಗಂಗ ಮಾರಸಿಂಹ: ಗೆಲುವು ಸೋಲುಗಳ ಎರಡು ಮುಖ

ಹಳಗನ್ನಡದಲ್ಲಿ ‘ಸವಣ’ ಎಂದರೆ ಶ್ರಮಣ, ಅಂದರೆ ಜೈನ ಮುನಿ. ಹಾವೇರಿ ಜಿಲ್ಲೆಯ ಸವಣೂರಿನ ಹೆಸರು ಕಿವಿಗೆ ಬಿದ್ದಾಗ ಪ್ರಾಚೀನ ಕನ್ನಡ ಕಾವ್ಯಗಳನ್ನು ಓದಿದವರಿಗೆ ಮೊದಲು ನೆನಪಾಗುವುದು ಈ ಶಬ್ದವೇ. ಇಂದು ಸವಣೂರು ನವಾಬರ ಊರೆಂದು, ವೀಳ್ಯದೆಲೆಯ ಊರೆಂದು, ದೊಡ್ಡಹುಣಸೆ ಮರಗಳ ಊರೆಂದು, ವಿ.ಕೃ. ಗೋಕಾಕರ ಜನ್ಮಸ್ಥಳವೆಂದು ಪ್ರಸಿದ್ಧವಾಗಿದೆ. ಅಲ್ಲಿಂದ ಕೆಲವೇ ಹರದಾರಿಗಳ ದೂರದಲ್ಲಿ, ಶಿಗ್ಗಾಂವಿ ತಾಲೂಕಿನಲ್ಲಿ, ಬಂಕಾಪುರವಿದೆ. ಈ ಸೀಮೆಯ ಆಡಳಿತ ಕೇಂದ್ರವು ನವಾಬರ ಕಾಲದಲ್ಲಿ ಸವಣೂರಿಗೆ ಸರಿಯುವ ಮೊದಲು ಶತಮಾನಗಳ ಕಾಲ ಬಂಕಾಪುರವೇ ಇಲ್ಲಿನ ಮುಖ್ಯ ಪಟ್ಟಣವಾಗಿತ್ತು. ಹಾಳುಬಿದ್ದ ಕೋಟೆ, ಅದರೊಳಗಿನ ಅರವತ್ತು ಕಂಬದ ನಗರೇಶ್ವರ ಗುಡಿ, ಕಂದಕದ ಸುತ್ತಿನ ಕುರುಚಲಲ್ಲಿ ಮೇಯುವ ನವಿಲುಗಳು ಇವೇ ಈಗ ನೋಡುವವರ ಕಣ್ಣಿಗೆ ಬೀಳುವ ಬಂಕಾಪುರ.

ಕ್ರಿ.ಶ. 974ರ ವೇಳೆಗೆ ಇದೇ ಬಂಕಾಪುರಕ್ಕೆ ಒಬ್ಬ ಅರಸನು ರಾಜ್ಯವನ್ನು ತ್ಯಜಿಸಿ ಬಂದನು. ಅವನು ತಲಕಾಡಿನ ಗಂಗರ ಇಮ್ಮಡಿ ಮಾರಸಿಂಹ. ಯುದ್ಧಗಳಲ್ಲಿ ಅವನಷ್ಟು ಗೆದ್ದವರು ಗಂಗ ವಂಶದಲ್ಲಿ ಕಡಿಮೆ. ಆದರೆ ಯಾವ ಸಾಮ್ರಾಜ್ಯಕ್ಕಾಗಿ ಅವನು ಹೋರಾಡಿದನೋ ಆ ರಾಷ್ಟ್ರಕೂಟ ಸಾಮ್ರಾಜ್ಯ ಅವನ ಕಣ್ಣೆದುರಿಗೇ ಕುಸಿದುಬಿದ್ದಿತು. ಅವನ ಬದುಕನ್ನು ಗೆಲುವೆಂದು ಬರೆಯಬೇಕೋ ಸೋಲೆಂದು ಬರೆಯಬೇಕೋ ಎಂಬ ಪ್ರಶ್ನೆಗೆ ಚರಿತ್ರಕಾರರು ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ಬಂಕಾಪುರದ ಚರಿತ್ರೆಯನ್ನು ಆದಿಯಿಂದ ಗಮನಿಸಿದರೆ, ಆ ಪ್ರಶ್ನೆಯನ್ನೇ ಬೇರೆ ರೀತಿಯಲ್ಲಿ ಕೇಳಬೇಕಾಗುತ್ತದೆ.

ಬಂಕೆಯನ ಅರ್ಧಕ್ಕೆ ನಿಂತ ದಂಡಯಾತ್ರೆ

ಬಂಕಾಪುರಕ್ಕೆ ಹೆಸರು ಬಂದದ್ದು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಸೇನಾನಿ ಬಂಕೆಯನಿಂದ. ಇಂದಿನ ಗದಗ ಜಿಲ್ಲೆಯ ಕೊಣ್ಣೂರಿನ ಶಾಸನವು ಇವನ ವೃತ್ತಾಂತವನ್ನು ವಿವರವಾಗಿ ಹೇಳುತ್ತದೆ. ಅದರಲ್ಲಿ ಬರುವ ದತ್ತಿಯ ಕಾಲ ಕ್ರಿ.ಶ. 860. ಬಂಕೆಯನು ಕಟ್ಟಿಸಿದ ಬಸದಿಗೆ ಅವನ ಬಿನ್ನಹದ ಮೇರೆಗೆ ಚಕ್ರವರ್ತಿಯು ಭೂಮಿಯನ್ನು ಬಿಟ್ಟುಕೊಟ್ಟ ಸಂದರ್ಭ ಅದು.

ಗಂಗವಾಡಿಯನ್ನು ಮಣಿಸುವ ಕೆಲಸವನ್ನು ಅಮೋಘವರ್ಷನು ಬಂಕೆಯನಿಗೆ ಒಪ್ಪಿಸಿದ್ದನು. ಬಂಕೆಯನು ಕೇದಲದ ಕೋಟೆಯನ್ನು ಹಿಡಿದು, ಕಾವೇರಿಯನ್ನು ದಾಟಿ, ತಲಕಾಡಿನವರೆಗೂ ನುಗ್ಗಿದನು. ಗೆಲುವು ಕೈಗೆಟುಕುವಷ್ಟು ಹತ್ತಿರವಿದ್ದಾಗಲೇ ರಾಜಧಾನಿಯಲ್ಲಿ ಒಳಜಗಳ ಹೊತ್ತಿಕೊಂಡಿತು. ಅರಸನ ಮಗನೇ ಬಂಡಾಯದ ಕಡೆ ಸೇರಿದನು. ಚಕ್ರವರ್ತಿಯ ಕರೆ ಬಂದೊಡನೆ ಬಂಕೆಯನು ದಂಡಯಾತ್ರೆಯನ್ನು ಅಲ್ಲಿಗೇ ನಿಲ್ಲಿಸಿ ಹಿಂದಿರುಗಿದನು. ಮೂರು ತಿಂಗಳೊಳಗೆ ಹಗೆಗಳನ್ನು ಅಡಗಿಸದಿದ್ದರೆ ಬೆಂಕಿಯನ್ನು ಹೊಗುವೆನೆಂದು ಶಪಥ ಮಾಡಿದನು. ಬಂಡಾಯವೇನೋ ಅಡಗಿತು. ಆದರೆ ಗಂಗವಾಡಿ ಕೈಗೆ ಬರಲಿಲ್ಲ.

ಸೇನಾನಿಯ ಲೆಕ್ಕದಲ್ಲಿ ಇದು ಪೂರ್ತಿಯಾಗದ ಕಾರ್ಯ. ಆದರೆ ಯುದ್ಧದಿಂದ ಆಗದುದನ್ನು ಅಮೋಘವರ್ಷನು ಸಂಬಂಧದಿಂದ ಸಾಧಿಸಿದನು. ತನ್ನ ಮಗಳು ಚಂದ್ರೋಬಲಬ್ಬೆಯನ್ನು ಗಂಗರ ಬೂತುಗನಿಗೆ ಕೊಟ್ಟು ಮದುವೆ ಮಾಡಿದನು. ತಲೆಮಾರುಗಳಿಂದ ಹರಿಯುತ್ತಿದ್ದ ನೆತ್ತರು ನಿಂತು, ರಾಷ್ಟ್ರಕೂಟರೂ ಗಂಗರೂ ನಂಟರಾದರು. ಬಂಕೆಯನು ಅಂದು ತಲಕಾಡನ್ನು ಸುಟ್ಟು ಮರಳಿದ್ದರೆ ಈ ನಂಟಸ್ತಿಕೆ ಇಷ್ಟು ಬೇಗ ಕೂಡಿಬರುತ್ತಿತ್ತೆಂದು ಹೇಳುವುದು ಕಷ್ಟ. ಅರ್ಧಕ್ಕೆ ನಿಂತ ಒಂದು ದಂಡಯಾತ್ರೆಯ ಹಿಂದೆ ಮುಂದಿನ ನೂರು ವರ್ಷಗಳ ಸ್ನೇಹ ಅಡಗಿತ್ತು. ಆ ಸ್ನೇಹದ ಕಡೆಯ ಋಣವನ್ನು ತೀರಿಸಿದವನೇ ಮಾರಸಿಂಹ. ಅವನು ಪ್ರಾಣ ಬಿಟ್ಟದ್ದು ಗಂಗರ ಹಗೆಯಾಗಿದ್ದ ಬಂಕೆಯನ ಹೆಸರಿನ ಊರಿನಲ್ಲಿ.

ಗುರು ಬಿಟ್ಟುಹೋದ ಕೃತಿ

ಬಂಕೆಯನ ತರುವಾಯ ಅವನ ಮಗ ಲೋಕಾದಿತ್ಯನು ಬನವಾಸಿ ನಾಡನ್ನು ಬಂಕಾಪುರದಿಂದ ಆಳಿದನು. ಅವನ ಕಾಲದಲ್ಲಿ ಈ ಊರು ಜೈನ ಸಾಹಿತ್ಯದ ಒಂದು ದೊಡ್ಡ ಘಟನೆಗೆ ಸಾಕ್ಷಿಯಾಯಿತು. ಅದರ ಮೂಲವೂ ಪೂರ್ತಿಯಾಗದ ಒಂದು ಕೆಲಸದಲ್ಲಿಯೇ ಇದೆ.

ಆಚಾರ್ಯ ವೀರಸೇನರು ‘ಧವಲಾ’ ಟೀಕೆಯನ್ನು ಮುಗಿಸಿ ‘ಜಯಧವಲಾ’ವನ್ನು ಆರಂಭಿಸಿದರು, ಇಪ್ಪತ್ತು ಸಾವಿರ ಶ್ಲೋಕ ಪ್ರಮಾಣ ಬರೆಯುವಷ್ಟರಲ್ಲಿ ಅವರ ಆಯುಷ್ಯ ಮುಗಿಯಿತು. ಶಿಷ್ಯರಾದ ಜಿನಸೇನರು ಇನ್ನೂ ನಲವತ್ತು ಸಾವಿರ ಶ್ಲೋಕ ಪ್ರಮಾಣವನ್ನು ಸೇರಿಸಿ ಕ್ರಿ.ಶ. 837ರಲ್ಲಿ ಅದನ್ನು ಮುಗಿಸಿದರು. ಗುರುವಿನ ಕೃತಿಯನ್ನು ದಡ ಸೇರಿಸಿದ ಜಿನಸೇನರಿಗೆ ತಮ್ಮದೇ ಕೃತಿಯನ್ನು ಮುಗಿಸುವ ಭಾಗ್ಯವಿರಲಿಲ್ಲ. ಅರುವತ್ತಮೂವರು ಶಲಾಕಾಪುರುಷರ ಚರಿತೆಯನ್ನು ಬರೆಯಲು ಹೊರಟ ಅವರು ಆದಿಪುರಾಣದ 42 ಪರ್ವಗಳನ್ನು ಮುಗಿಸಿ, 43ನೆಯದನ್ನು ಆರಂಭಿಸಿ ನಿಲ್ಲಿಸಬೇಕಾಯಿತು. ಉಳಿದುದನ್ನು ಅವರ ಶಿಷ್ಯ ಗುಣಭದ್ರರು ಮುಗಿಸಿ, ಅದರ ಮೇಲೆ ಉತ್ತರಪುರಾಣವನ್ನು ರಚಿಸಿದರು. ಗುಣಭದ್ರರ ಶಿಷ್ಯ ಲೋಕಸೇನರ ಪ್ರಶಸ್ತಿಯ ಪ್ರಕಾರ ಶಕವರ್ಷ 820ರಲ್ಲಿ, ಎಂದರೆ ಕ್ರಿ.ಶ. 897–98ರಲ್ಲಿ, ಲೋಕಾದಿತ್ಯನು ಬಂಕಾಪುರದಿಂದ ಆಳುತ್ತಿದ್ದಾಗ ಈ ಪುರಾಣದ ಪೂಜೆ ನಡೆಯಿತು.

ಹೀಗೆ ಮೂರು ತಲೆಮಾರುಗಳ ಗುರು–ಶಿಷ್ಯರಲ್ಲಿ ಇಬ್ಬರು ಗುರುಗಳು ತಮ್ಮ ಮಹಾಕೃತಿಯನ್ನು ಅರ್ಧಕ್ಕೆ ಬಿಟ್ಟು ಹೋದರು. ಕೆಲಸ ತನ್ನಿಂದಲೇ ಮುಗಿಯಬೇಕೆಂದು ಹಟ ಹಿಡಿದವನಿಗೆ ಇದು ವಿಫಲತೆ. ಆ ಅರ್ಧ ಕೃತಿಯೇ ಶಿಷ್ಯನನ್ನು ಗ್ರಂಥಕರ್ತನನ್ನಾಗಿ ಮಾಡಿತೆಂಬುದು ಅದರ ಇನ್ನೊಂದು ಮುಖ. 941ರಲ್ಲಿ ಪಂಪನು ಕನ್ನಡದಲ್ಲಿ ಆದಿಪುರಾಣವನ್ನು ಬರೆದಾಗ, 978ರಲ್ಲಿ ಚಾವುಂಡರಾಯನು ತನ್ನ ಗದ್ಯಪುರಾಣವನ್ನು ಬರೆದಾಗ, ಇಬ್ಬರ ಕಣ್ಣ ಮುಂದೆಯೂ ಇದ್ದದ್ದು ಈ ಪರಂಪರೆಯೇ.

ತಕ್ಕೋಲದ ಗೆಲುವು

ಸೋಲಿನೊಳಗೆ ಒಳಿತು ಅಡಗಿರುವಂತೆ ಗೆಲುವಿನೊಳಗೆ ಕೇಡು ಅಡಗಿರುವುದಕ್ಕೂ ಇದೇ ನಾಡಿನ ಚರಿತ್ರೆ ನಿದರ್ಶನ ಕೊಡುತ್ತದೆ. ಕ್ರಿ.ಶ. 949ರಲ್ಲಿ ತಮಿಳುನಾಡಿನ ತಕ್ಕೋಲದಲ್ಲಿ ಮುಮ್ಮಡಿ ಕೃಷ್ಣನ ಸೇನೆಗೂ ಚೋಳರ ಸೇನೆಗೂ ಘೋರ ಯುದ್ಧ ನಡೆಯಿತು. ಆನೆಯ ಮೇಲಿದ್ದ ಚೋಳ ರಾಜಕುಮಾರ ರಾಜಾದಿತ್ಯನನ್ನು ಗಂಗರ ಇಮ್ಮಡಿ ಬೂತುಗನು ಕೊಂದನು. ಕೃಷ್ಣನಿಗೆ ಬೂತುಗನು ಸಾಮಂತನೂ ಹೌದು, ಸೋದರಿ ರೇವಕನಿಮ್ಮಡಿಯ ಗಂಡನೂ ಹೌದು. ಮೆಚ್ಚಿದ ಚಕ್ರವರ್ತಿ ಅವನಿಗೆ ಬನವಾಸಿ 12000, ಬೆಳ್ವೊಲ 300, ಪುಲಿಗೆರೆ 300, ಕಿಸುಕಾಡು 70, ಬಾಗೆನಾಡು 70 ಎಂಬ ನಾಡುಗಳನ್ನು ಕೊಟ್ಟನೆಂದು ಆತಕೂರು ಶಾಸನ ಹೇಳುತ್ತದೆ. ಇಂದಿನ ಹಾವೇರಿ, ಗದಗ ಸೀಮೆಯ ಬಹುಭಾಗ ಇದರಲ್ಲಿ ಸೇರಿತ್ತು.

ಅದೇ ಕಲ್ಲಿನಲ್ಲಿ ಇನ್ನೊಂದು ಉಡುಗೊರೆಯ ಕಥೆಯೂ ಇದೆ. ಬೂತುಗನ ವೀರ ಮಣಲೇರನು ತನ್ನ ಪರಾಕ್ರಮಕ್ಕೆ ಬಹುಮಾನವಾಗಿ ‘ಕಾಳಿ’ ಎಂಬ ನಾಯಿಯನ್ನು ಬೇಡಿ ಪಡೆದನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದರ ನೆನಪಿಗೆ ಕಲ್ಲು ನಿಂತಿತು. ಸಾವಿರಾರು ಹಳ್ಳಿಗಳ ನಾಡುಗಳು ಒಂದೆರಡು ತಲೆಮಾರಿನಲ್ಲಿ ಕೈಬಿಟ್ಟವು. ನಾಯಿಯ ನೆನಪಿನ ಕಲ್ಲು ಉಳಿಯಿತು.

ತಕ್ಕೋಲದ ಗೆಲುವು ರಾಷ್ಟ್ರಕೂಟರ ಕೀರ್ತಿಯನ್ನು ಶಿಖರಕ್ಕೇರಿಸಿದ್ದು ನಿಜ. ಆದರೆ ಸಾಮ್ರಾಜ್ಯದ ನಡುಭಾಗದ ಫಲವತ್ತಾದ ನಾಡುಗಳು ಚಕ್ರವರ್ತಿಯ ನೇರ ಅಂಕೆಯಿಂದ ಹೊರಟುಹೋದವು. ಇದೇ ಕೃಷ್ಣನು ಚಾಲುಕ್ಯ ವಂಶದ ತೈಲಪನಿಗೆ ತರ್ದವಾಡಿ 1000ವನ್ನು ಜೀವಿತವಾಗಿ ಕೊಟ್ಟಿದ್ದನು. 965ರ ಶಾಸನದಲ್ಲಿ ತೈಲಪನು ಆ ನಾಡಿನ ಸಾಮಂತನಾಗಿ ಕಾಣಿಸಿಕೊಳ್ಳುತ್ತಾನೆ. ಎಂಟು ವರ್ಷ ಕಳೆಯುವಷ್ಟರಲ್ಲಿ ಕೃಷ್ಣನ ವಂಶವನ್ನು ಸಿಂಹಾಸನದಿಂದ ಇಳಿಸಿದವನು ಈ ತೈಲಪನೇ. ಔದಾರ್ಯವೆಂಬ ಒಂದೇ ಗುಣ ಗಂಗರಲ್ಲಿ ನಿಷ್ಠೆಯನ್ನು ಬೆಳೆಸಿತು, ತೈಲಪನಲ್ಲಿ ಬಲವನ್ನು ಬೆಳೆಸಿತು. ಅಂದು ದಾನ ಕೊಟ್ಟವನಿಗೆ ಇವೆರಡರ ವ್ಯತ್ಯಾಸ ಕಾಣುವಂತಿರಲಿಲ್ಲ.

ಕಲ್ಲಿನ ಮೇಲಿನ ಪಟ್ಟಿ

ಬೂತುಗನ ಮಗನಾದ ಮಾರಸಿಂಹನು 963ರಲ್ಲಿ ಪಟ್ಟಕ್ಕೆ ಬಂದನು. ಕೂಡ್ಲೂರು ತಾಮ್ರಶಾಸನದ ಪ್ರಕಾರ ಉತ್ತರ ದಿಗ್ವಿಜಯಕ್ಕೆ ಹೊರಟಿದ್ದ ಕೃಷ್ಣನೇ ಅವನಿಗೆ ಪಟ್ಟ ಕಟ್ಟಿದನು. ಮಾರಸಿಂಹನ ಸಾಧನೆಗಳೆಲ್ಲವೂ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವ ಕಂಬದ ಮೇಲೆ ಕೆತ್ತಲ್ಪಟ್ಟಿವೆ. ಕೃಷ್ಣನಿಗಾಗಿ ಉತ್ತರ ದಿಕ್ಕನ್ನು ಗೆದ್ದದ್ದು, ವಿಂಧ್ಯದ ಕಾಡುಗಳಲ್ಲಿ ಕಿರಾತರನ್ನು ಚದುರಿಸಿದ್ದು, ಮಾನ್ಯಖೇಟದಲ್ಲಿ ಚಕ್ರವರ್ತಿಯ ಬೀಡನ್ನು ಕಾಪಾಡಿದ್ದು, ವಜ್ಜಳನನ್ನು ಸೋಲಿಸಿದ್ದು, ಉಚ್ಚಂಗಿಯ ಕೋಟೆಯನ್ನು ಹಿಡಿದದ್ದು, ನೊಳಂಬರನ್ನು ನಿರ್ಮೂಲ ಮಾಡಿದ್ದು ಹೀಗೆ ಒಂದರ ಮೇಲೊಂದು ಗೆಲುವುಗಳು ಅಲ್ಲಿ ಬರುತ್ತವೆ. ‘ನೊಳಂಬಕುಲಾಂತಕ’, ‘ಗುತ್ತಿಯ ಗಂಗ’, ‘ಗಂಗ ಕಂದರ್ಪ’ ಎಂಬ ಬಿರುದುಗಳು ಅವನವು. ಕಟ್ಟಿಸಿದ ಬಸದಿಗಳೂ ಮಾನಸ್ತಂಭಗಳೂ ಹಲವು. ಸವಣೂರಿಗೆ ಸಮೀಪದ ಲಕ್ಷ್ಮೇಶ್ವರದಲ್ಲಿ, ಅಂದಿನ ಪುಲಿಗೆರೆಯಲ್ಲಿ, ಅವನ ಬಿರುದಿನ ಹೆಸರಿನ ಗಂಗಕಂದರ್ಪ ಜಿನಾಲಯಕ್ಕೆ 968ರ ಸುಮಾರಿನಲ್ಲಿ ದತ್ತಿ ಕೊಟ್ಟ ಶಾಸನವಿದೆ.

ಆದರೆ ಗೆಲುವಿನ ಈ ಪಟ್ಟಿ ಬೆಳೆಯುತ್ತಿದ್ದ ವರ್ಷಗಳಲ್ಲಿಯೇ ಸಾಮ್ರಾಜ್ಯ ಒಳಗೊಳಗೆ ಸಡಿಲವಾಗುತ್ತಿತ್ತು. 967ರಲ್ಲಿ ಕೃಷ್ಣನು ತೀರಿಕೊಂಡನು. 972ರಲ್ಲಿ ಮಾಳವದ ಪರಮಾರ ಸೀಯಕನು ದಂಡೆತ್ತಿ ಬಂದು ಮಾನ್ಯಖೇಟವನ್ನು ಕೊಳ್ಳೆ ಹೊಡೆದನು. ಅಲ್ಲಿ ಆಶ್ರಯ ಪಡೆದಿದ್ದ ಅಪಭ್ರಂಶದ ಮಹಾಕವಿ ಪುಷ್ಪದಂತನು ಆ ಹಾಳುನಗರವನ್ನು ಕಂಡು ಮರುಗಿದನು. ಮರುವರ್ಷ, 973ರಲ್ಲಿ, ತೈಲಪನು ಇಮ್ಮಡಿ ಕರ್ಕನನ್ನು ಸೋಲಿಸಿ ರಾಜ್ಯವನ್ನು ಕೈವಶಮಾಡಿಕೊಂಡನು. ಇಲ್ಲಿಯೂ ಗೆಲುವಿನ ಎರಡು ಮುಖ ಕಾಣುತ್ತವೆ: ಮಾನ್ಯಖೇಟವನ್ನು ಸುಲಿದ ಸೀಯಕನು ತನಗರಿವಿಲ್ಲದೆ ತೈಲಪನ ದಾರಿಯನ್ನು ಸುಗಮಗೊಳಿಸಿದನು, ಸೀಯಕನ ಉತ್ತರಾಧಿಕಾರಿ ಮುಂಜನು ಮುಂದೆ ಪ್ರಾಣ ಕಳೆದುಕೊಂಡದ್ದು ಅದೇ ತೈಲಪನ ಸೆರೆಯಲ್ಲಿ.

ಈ ಹೊತ್ತಿನಲ್ಲಿ ಮಾರಸಿಂಹನ ಮುಂದೆ ಎರಡು ದಾರಿಗಳಿದ್ದವು. ಹೊಸ ಅರಸನೊಡನೆ ಒಪ್ಪಂದ ಮಾಡಿಕೊಂಡು ಗಂಗವಾಡಿಯನ್ನು ಭದ್ರಪಡಿಸಿಕೊಳ್ಳುವುದು ಒಂದು. ಬಿದ್ದುಹೋದ ವಂಶವನ್ನು ಮತ್ತೆ ಎತ್ತಿ ನಿಲ್ಲಿಸುವುದು ಇನ್ನೊಂದು. ಅವನು ಎರಡನೆಯದನ್ನು ಆರಿಸಿಕೊಂಡನು. ಕೃಷ್ಣನ ಮೊಮ್ಮಗನೂ ತನ್ನ ಸೋದರಳಿಯನೂ ಆದ ಇಂದ್ರರಾಜನಿಗೆ ಪಟ್ಟ ಕಟ್ಟಿದನು. ತನಗೆ ಪಟ್ಟ ಕಟ್ಟಿದವನ ಮೊಮ್ಮಗನಿಗೆ ತಾನು ಪಟ್ಟ ಕಟ್ಟಿದ ಈ ಕೆಲಸ ಋಣಪ್ರಜ್ಞೆಯ ದೃಷ್ಟಿಯಿಂದ ಉದಾತ್ತವಾದುದು. ರಾಜನೀತಿಯ ದೃಷ್ಟಿಯಿಂದ ಫಲಿಸದ ಸಾಹಸ. ಅವನ ಹೆಮ್ಮೆಯ ನೊಳಂಬ ವಿಜಯವೂ ಇದಕ್ಕೆ ನೆರವಾಗಲಿಲ್ಲ. ಅಳಿದುಳಿದ ನೊಳಂಬರು ಮುಂದೆ ಚಾಲುಕ್ಯರ ಆಶ್ರಯದಲ್ಲಿಯೇ ತಲೆಯೆತ್ತಿದರು. ಪಟ್ಟಾಭಿಷೇಕವಾಯಿತು, ಸಾಮ್ರಾಜ್ಯ ಮರಳಲಿಲ್ಲ.

ಗುರುವಿನ ಮುಂದಿನ ಪಟ್ಟಿ

ಗೆಲುವುಗಳನ್ನೆಲ್ಲ ಎಣಿಸಿದ ಬಳಿಕ ಕೂಗೆ ಬ್ರಹ್ಮದೇವ ಕಂಬದ ಶಾಸನ ಕೊನೆಯ ಸಂಗತಿಯನ್ನು ಕೆಲವೇ ಮಾತುಗಳಲ್ಲಿ ಹೇಳಿ ಮುಗಿಸುತ್ತದೆ. ಮಾರಸಿಂಹನು ರಾಜ್ಯವನ್ನು ಬಿಟ್ಟು, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ವ್ರತವನ್ನು ನೋಂತು ಸಮಾಧಿಯನ್ನು ಸಾಧಿಸಿದನು. ಬನವಾಸಿ ನಾಡು ಬೂತುಗನ ಕಾಲದಲ್ಲಿ ಗಂಗರಿಗೆ ಸಂದದ್ದು ತಕ್ಕೋಲದ ಗೆಲುವಿನ ಫಲವಾಗಿ. ತಂದೆಯ ಗೆಲುವು ತಂದುಕೊಟ್ಟ ನಾಡಿನಲ್ಲಿಯೇ ಮಗನು ತನ್ನ ಸೋಲಿನ ಕೊನೆಯ ದಿನಗಳನ್ನು ಕಳೆದನು.

ಇದನ್ನು ಹತಾಶನಾದ ಅರಸನ ಪ್ರಾಣತ್ಯಾಗವೆಂದು ಕೆಲವರು ತಿಳಿದದ್ದುಂಟು. ಸಲ್ಲೇಖನದ ಶಾಸ್ತ್ರ ಈ ವಿಷಯದಲ್ಲಿ ಬಹು ಕಟ್ಟುನಿಟ್ಟಾದುದು. ತಪ್ಪಿಸಲಾಗದ ಉಪಸರ್ಗ, ದುರ್ಭಿಕ್ಷ, ಮುಪ್ಪು, ವಾಸಿಯಾಗದ ರೋಗ ಇವೇ ಅದಕ್ಕೆ ಕಾರಣವಾಗಬಹುದೆಂದು ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ ವಿಧಿಸುತ್ತದೆ. ಈ ವ್ರತಕ್ಕೆ ಅತಿಚಾರಗಳನ್ನು ಹೇಳುವಾಗ ‘ತತ್ತ್ವಾರ್ಥಸೂತ್ರ’ವು ಬದುಕಬೇಕೆಂಬ ಆಸೆಯ ಜೊತೆಗೆ ಸಾಯಬೇಕೆಂಬ ಆಸೆಯನ್ನೂ ದೋಷವೆಂದೇ ಎಣಿಸುತ್ತದೆ. ಸೋಲಿನ ಅವಮಾನವನ್ನು ತಾಳಲಾರದೆ ಸಾವನ್ನು ಬಯಸಿದವನು ಈ ಶಾಸ್ತ್ರದ ಪ್ರಕಾರ ಮೊದಲ ಹೆಜ್ಜೆಯಲ್ಲಿಯೇ ಎಡವಿದಂತೆ. ಮಾರಸಿಂಹನ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಕಲ್ಲು ಹೇಳುವುದಿಲ್ಲ. ಅವನು ಯಾವ ವಿಧಿಗೆ ತನ್ನನ್ನು ಒಪ್ಪಿಸಿಕೊಂಡನೆಂಬುದನ್ನು ಗ್ರಂಥಗಳು ಹೇಳುತ್ತವೆ.

ಆ ವಿಧಿಯಲ್ಲಿ ಮುಖ್ಯವಾದುದು ‘ಆಲೋಚನೆ’. ಇಂದಿನ ಕನ್ನಡದಲ್ಲಿ ಈ ಶಬ್ದಕ್ಕೆ ಚಿಂತನೆ ಎಂಬುದಷ್ಟೇ ಅರ್ಥ. ಜೈನ ಪರಿಭಾಷೆಯಲ್ಲಿ ಆಲೋಚನೆಯೆಂದರೆ ತನ್ನ ತಪ್ಪುಗಳನ್ನು ಮರೆಮಾಚದೆ ಗುರುವಿನ ಮುಂದೆ ತೆರೆದಿಡುವುದು. ಕನ್ನಡದ ‘ವಡ್ಡಾರಾಧನೆ’ಯ ಕಥೆಗಳಿಗೆ ಹಿನ್ನೆಲೆಯಾದ ಶಿವಾರ್ಯರ ‘ಭಗವತೀ ಆರಾಧನಾ’ ಗ್ರಂಥದಲ್ಲಿ ಆಲೋಚನೆಯ ಹತ್ತು ದೋಷಗಳ ವಿವರವಿದೆ. ಮನುಷ್ಯನು ತಪ್ಪೊಪ್ಪಿಕೊಳ್ಳುವಾಗಲೂ ತನ್ನನ್ನು ಹೇಗೆ ಕಾಪಾಡಿಕೊಳ್ಳುತ್ತಾನೆಂಬುದನ್ನು ಇಷ್ಟು ಸೂಕ್ಷ್ಮವಾಗಿ ಗುರುತಿಸಿದ ಬರಹ ವಿರಳ.

ಸೇವೆ ಉಪಚಾರಗಳಿಂದ ಗುರುವಿನ ಮನಸ್ಸನ್ನು ಕರಗಿಸಿ ಆಮೇಲೆ ತಪ್ಪನ್ನು ಹೇಳುವುದು ಮೊದಲ ದೋಷ. ತನ್ನ ನಿಶ್ಶಕ್ತಿಯನ್ನು ಸೂಚಿಸಿ ಹಗುರವಾದ ಪ್ರಾಯಶ್ಚಿತ್ತವನ್ನು ಗಿಟ್ಟಿಸುವುದು ಎರಡನೆಯದು. ಇತರರು ಕಂಡ ತಪ್ಪುಗಳನ್ನು ಮಾತ್ರ ಹೇಳಿ ಕಾಣದವನ್ನು ಮುಚ್ಚಿಡುವುದು ಮೂರನೆಯದು. ದೊಡ್ಡ ತಪ್ಪುಗಳನ್ನು ಹೇಳಿ ಚಿಕ್ಕವನ್ನು ಬಿಡುವುದು, ಚಿಕ್ಕವನ್ನು ಹೇಳಿ ದೊಡ್ಡವನ್ನು ಬಿಡುವುದು ಮುಂದಿನ ಎರಡು. ‘ಇಂಥ ತಪ್ಪಿಗೆ ಏನು ಪ್ರಾಯಶ್ಚಿತ್ತ?’ ಎಂದು ಪರರ ವಿಷಯವೆಂಬಂತೆ ಕೇಳಿ ತಿಳಿಯುವುದು ಇನ್ನೊಂದು. ಗದ್ದಲದ ನಡುವೆ, ಯಾರಿಗೂ ಕೇಳಿಸದಂತೆ ಹೇಳಿ ಮುಗಿಸುವುದು ಮತ್ತೊಂದು. ಒಬ್ಬ ಗುರುವಿನ ಮಾತನ್ನು ನಂಬದೆ ಹಲವರನ್ನು ಕೇಳುತ್ತ ಹೋಗುವುದು, ಅರಿವಿಲ್ಲದವನ ಮುಂದೆ ಹೇಳುವುದು, ಅದೇ ತಪ್ಪನ್ನು ಮಾಡಿದವನ ಮುಂದೆ ಹೇಳಿ ಸಮಾಧಾನಪಟ್ಟುಕೊಳ್ಳುವುದು ಉಳಿದವು.

ಒಬ್ಬ ಅರಸನಿಗೆ ಈ ಹತ್ತು ದೋಷಗಳನ್ನು ದಾಟುವುದು ಎಷ್ಟು ಕಠಿಣವೆಂಬುದನ್ನು ಊಹಿಸಬಹುದು. ಅವನ ತಪ್ಪುಗಳಲ್ಲಿ ಹಲವನ್ನು ಲೋಕ ಗೆಲುವೆಂದು ಕರೆದಿರುತ್ತದೆ, ಕವಿಗಳು ಬಿರುದಾಗಿ ಮಾಡಿರುತ್ತಾರೆ. ‘ನೊಳಂಬಕುಲಾಂತಕ’ನೆಂಬ ಬಿರುದು ಆಸ್ಥಾನದಲ್ಲಿ ಕೀರ್ತಿ, ಅಹಿಂಸೆಯನ್ನು ಪರಮಧರ್ಮವೆಂದು ಬೋಧಿಸುವ ಗುರುವಿನ ಮುಂದೆ ಅದೇ ಶಬ್ದ ಒಂದು ಕುಲವನ್ನು ಕೊಂದ ಹೊರೆ. ಉಚ್ಚಂಗಿಯ ಮುತ್ತಿಗೆ, ವಿಂಧ್ಯದ ಕಾಳಗ ಇವೆಲ್ಲವೂ ಎರಡೆರಡು ಬಾರಿ ಎಣಿಕೆಗೆ ಬರುವಂಥವು. ಚಿಕ್ಕಬೆಟ್ಟದ ಕಂಬದ ಮೇಲೆ ಇರುವುದು ಒಂದು ಪಟ್ಟಿ. ಆಲೋಚನೆಯ ವಿಧಿ ಬೇಡುವ ಇನ್ನೊಂದು ಪಟ್ಟಿ ಯಾವ ಕಲ್ಲಿನ ಮೇಲೂ ಇಲ್ಲ. ಅದು ಹೇಳುವವನಿಗೂ ಕೇಳುವ ಗುರುವಿಗೂ ಮಾತ್ರ ಸೇರಿದ್ದು.

ಪುಣ್ಯವನ್ನು ಚಿನ್ನದ ಸಂಕೋಲೆಗೂ ಪಾಪವನ್ನು ಕಬ್ಬಿಣದ ಸಂಕೋಲೆಗೂ ಹೋಲಿಸುವ ಕುಂದಕುಂದಾಚಾರ್ಯರ ‘ಸಮಯಸಾರ’ದ ವಿಚಾರ ಇಲ್ಲಿ ಸ್ಮರಣೀಯ. ಕಬ್ಬಿಣದ ಭಾರವನ್ನು ಎಲ್ಲರೂ ಬಲ್ಲರು. ಚಿನ್ನದ್ದೂ ಸಂಕೋಲೆಯೆಂಬ ಅರಿವು ಗೆದ್ದವನಿಗೆ ಸುಲಭವಾಗಿ ಬರುವುದಿಲ್ಲ. ಮಾರಸಿಂಹನಿಗೆ ಬಂದ ಕೊನೆಯ ಸೋಲು ಅವನನ್ನು ಬಂಕಾಪುರದ ದಾರಿ ಹಿಡಿಸಿದ್ದರೆ, ಗೆಲುವುಗಳು ಮಾಡಲಾರದ ಒಂದು ಉಪಕಾರವನ್ನು ಸೋಲು ಮಾಡಿತೆನ್ನಬೇಕು.

ಉಳಿದವರ ಪಾಲು

ಆದರೆ ಇಲ್ಲಿಗೇ ಮಾತನ್ನು ಮುಗಿಸಿದರೆ ಅದು ಒಂದೇ ಮುಖದ ಚರಿತ್ರೆಯಾಗುತ್ತದೆ. ಅರಸನಿಗೆ ನೆಮ್ಮದಿ ತಂದ ತ್ಯಾಗ ಗಂಗವಾಡಿಗೆ ನೆಮ್ಮದಿ ತರಲಿಲ್ಲ. ಮಾರಸಿಂಹನ ಮರಣದ ಬಳಿಕ ಪಟ್ಟಕ್ಕಾಗಿ ಕಲಹ ಎದ್ದಿತು. ಪಾಂಚಾಲದೇವನು ಅಧಿಕಾರವನ್ನು ಹಿಡಿದು, ತೈಲಪನನ್ನು ಎದುರಿಸಿ ಮಡಿದನು. ರಾಚಮಲ್ಲನನ್ನು ಪಟ್ಟದಲ್ಲಿ ನೆಲೆಗೊಳಿಸಲು ಮಂತ್ರಿ ಚಾವುಂಡರಾಯನು ಹೆಣಗಬೇಕಾಯಿತು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರು ತಲಕಾಡನ್ನು ಹಿಡಿದು ತಕ್ಕೋಲದ ಹಗೆಯನ್ನು ತೀರಿಸಿಕೊಂಡರು. ಒಬ್ಬನ ಆತ್ಮಹಿತಕ್ಕೆ ಒದಗಿದ್ದು ಉಳಿದವರ ಪಾಲಿಗೆ ಹೊರೆಯಾಯಿತೆಂಬುದನ್ನು ಮರೆಯುವಂತಿಲ್ಲ.

ಪಟ್ಟ ಕಟ್ಟಿಸಿಕೊಂಡೂ ಚಕ್ರವರ್ತಿಯಾಗದ ಇಂದ್ರರಾಜನು ಎಂಟು ವರ್ಷಗಳ ಬಳಿಕ, 982ರಲ್ಲಿ, ಶ್ರವಣಬೆಳಗೊಳದಲ್ಲಿ ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟನು. ಅವನ ಸ್ಮಾರಕ ಶಾಸನದಲ್ಲಿ ಹೇಳಿಕೊಳ್ಳಲು ರಾಜ್ಯಗಳ ಪಟ್ಟಿ ಇರಲಿಲ್ಲ. ಅದು ಅವನ ಚೆಂಡಾಟದ ಕೌಶಲವನ್ನು ವಿಸ್ತಾರವಾಗಿ ಹೊಗಳುತ್ತದೆ. ಅಡಿಯಿಡುವುದಕ್ಕೇ ನೆಲವಿಲ್ಲದಂತಾದ ರಾಜಕುಮಾರನಲ್ಲಿ ಮೆಚ್ಚಬೇಕಾದದ್ದನ್ನು ಅವನನ್ನು ಬಲ್ಲವರು ಹುಡುಕಿ ತೆಗೆದರು.

ಅದೇ ಬೆಟ್ಟದ ಎದುರಿಗೆ, ಅದೇ ವರ್ಷಗಳ ಸುಮಾರಿನಲ್ಲಿ, ಚಾವುಂಡರಾಯನು ಬಾಹುಬಲಿಯ ಮಹಾಮೂರ್ತಿಯನ್ನು ಕಡೆಸಿದನು. ಚಾವುಂಡರಾಯನೂ ಅಜಿತಸೇನರ ಶಿಷ್ಯ. ಮಾರಸಿಂಹನ ಯುದ್ಧಗಳನ್ನು ಹತ್ತಿರದಿಂದ ಕಂಡವನು. ಅವನು ಆರಿಸಿಕೊಂಡದ್ದು ಗೆದ್ದ ಗಳಿಗೆಯಲ್ಲಿಯೇ ಗೆಲುವನ್ನು ಬಿಟ್ಟುಕೊಟ್ಟವನ ಮೂರ್ತಿ. ಅಣ್ಣ ಭರತನನ್ನು ಎತ್ತಿ ನೆಲಕ್ಕೆ ಬಡಿಯಬಹುದಾಗಿದ್ದಾಗ ಬಾಹುಬಲಿಗೆ ಗೆಲುವಿನ ಇನ್ನೊಂದು ಮುಖ ಕಂಡಿತು. ಆ ತ್ಯಾಗದಲ್ಲಿಯೂ ಒಂದು ಕೊರತೆ ಉಳಿದಿತ್ತೆಂದು ಪುರಾಣ ಹೇಳುತ್ತದೆ. ಅಣ್ಣನಿಗೆ ತನ್ನಿಂದ ನೋವಾಯಿತೆಂಬ ಶಲ್ಯವು ಮನಸ್ಸಿನಲ್ಲಿ ಇರುವವರೆಗೂ ವರ್ಷಕಾಲ ನಿಂತ ತಪಸ್ಸಿಗೂ ಕೇವಲಜ್ಞಾನ ಒಲಿಯಲಿಲ್ಲ. ಜಿನಸೇನರ ಮಹಾಕೃತಿಯಲ್ಲಿ ಬರುವ ಈ ಪ್ರಸಂಗ ರಾಜಕುಲಗಳ ಪತನವನ್ನು ಕಂಡ ಮಂತ್ರಿಯ ಕೈಯಲ್ಲಿ ಕಲ್ಲಾಯಿತು.

ಅಜಿತಸೇನರ ಇನ್ನೊಬ್ಬ ಶಿಷ್ಯ ಮುಧೋಳದ ಬಳೆಗಾರ ಕುಲದ ರನ್ನ. ಮೊದಲು ಚಾವುಂಡರಾಯನ ಆಶ್ರಯದಲ್ಲಿ ಬೆಳೆದ ಅವನಿಗೆ ‘ಕವಿಚಕ್ರವರ್ತಿ’ ಪದವಿಯನ್ನು ಕೊಟ್ಟವನು ತೈಲಪ. ಗುರುವಿನ ರಾಜಶಿಷ್ಯನು ಯಾರೆದುರು ಸೋತನೋ ಅವನ ಆಸ್ಥಾನದಲ್ಲಿ ಕವಿಶಿಷ್ಯನು ಗೌರವ ಪಡೆದನು. ತೈಲಪನ ಮಗ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಬರೆದ ‘ಗದಾಯುದ್ಧ’ದಲ್ಲಿ ರನ್ನನು ಗೆಲ್ಲುವ ಭೀಮನನ್ನು ಹೊಗಳಿದನು, ಓದುಗರ ಎದೆಯಲ್ಲಿ ಹೆಚ್ಚು ಕಾಲ ನಿಲ್ಲುವವನು ಮಾತ್ರ ಸೋತು ಯುದ್ಧಭೂಮಿಯಲ್ಲಿ ಅಲೆಯುವ ದುರ್ಯೋಧನ. ಒಂದು ಚಕ್ರಾಧಿಪತ್ಯ ಬಿದ್ದುದನ್ನು ಕಂಡ ಕಾಲದ ಕವಿಗೆ ಸೋತವನ ಘನತೆ ಅರ್ಥವಾಗಿದ್ದುದರಲ್ಲಿ ಆಶ್ಚರ್ಯವಿಲ್ಲ.

ರನ್ನನಿಂದ 993ರಲ್ಲಿ ‘ಅಜಿತಪುರಾಣ’ವನ್ನು ಬರೆಯಿಸಿದವಳು ಅತ್ತಿಮಬ್ಬೆ. ಅವಳ ಗಂಡ ನಾಗದೇವನು ಚಾಲುಕ್ಯರ ದಂಡನಾಯಕ, ಮಾವ ಧಲ್ಲಪನು ತೈಲಪನ ಮಂತ್ರಿ. ಗಂಡನು ಯುದ್ಧದಲ್ಲಿ ಮಡಿದಾಗ ಅವನನ್ನೇ ವರಿಸಿದ್ದ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಎಳೆಯ ಮಗನನ್ನು ಸಲಹುತ್ತ ಬದುಕಿ ಉಳಿದಳು. ಉಳಿದವಳು ಮಾಡಿದ ಕೆಲಸಗಳಲ್ಲಿ ಒಂದು, ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ್ದು. ಪೊನ್ನನು ಮುಮ್ಮಡಿ ಕೃಷ್ಣನಿಂದ ಮನ್ನಣೆ ಪಡೆದ ಕವಿ. ಸೋತ ವಂಶದ ಕಾಲದ ಕಾವ್ಯವನ್ನು ಗೆದ್ದ ವಂಶದ ದಂಡನಾಯಕನ ಮಡದಿ ಉಳಿಸಿಕೊಟ್ಟಳು. ರನ್ನನು ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಒಂದು ಹೆಸರು ಗಂಗರ ಮಂತ್ರಿಯದು, ಇನ್ನೊಂದು ಚಾಲುಕ್ಯರ ಮನೆಯದು. ರಣರಂಗದಲ್ಲಿ ಎದುರುಬದುರಾಗಿದ್ದ ಎರಡು ಪಕ್ಷಗಳು ಕವಿಯ ಮನೆಯಂಗಳದಲ್ಲಿ ಅಣ್ಣ ತಂಗಿಯರಾಗಿ ಬೆಳೆದವು.

ಇದೆಲ್ಲವೂ ಬಂಕಾಪುರದ ಗುರುವಿನ ಸುತ್ತಲೇ ನಡೆಯಿತೆಂಬುದು ಗಮನಾರ್ಹ. ಗೆಲುವನ್ನು ಬಿಟ್ಟುಬಂದ ಅರಸನಿಗೂ, ಅಧಿಕಾರದಲ್ಲಿದ್ದು ಕೆಲಸ ಮಾಡಿದ ಮಂತ್ರ‍ಿಗೂ, ಗೆದ್ದವರ ಆಸ್ಥಾನದಲ್ಲಿ ಬರೆದ ಕವಿಗೂ ಅಜಿತಸೇನರೇ ಗುರುಗಳು. ಒಂದೇ ಪತನವನ್ನು ಮೂವರೂ ಕಂಡರು, ಮೂವರೂ ಅದರಿಂದ ಬೇರೆ ಬೇರೆ ಫಲವನ್ನು ಪಡೆದರು. ಆ ಫಲದಲ್ಲಿ ಒಳಿತೆಷ್ಟು, ಕೇಡೆಷ್ಟು ಎಂಬುದು ಅವರ ಆಯುಷ್ಯದೊಳಗೆ ತೀರ್ಮಾನವಾಗುವ ಲೆಕ್ಕವಾಗಿರಲಿಲ್ಲ. ಬಂಕೆಯನಿಗೆ ತಾನು ಬಿಟ್ಟುಬಂದ ಯುದ್ಧದ ಫಲ ತಿಳಿಯಲಿಲ್ಲ, ಕೃಷ್ಣನಿಗೆ ತಾನು ಕೊಟ್ಟ ದಾನದ ಫಲ ತಿಳಿಯಲಿಲ್ಲ. ಮಾಡಿದವನ ಕೈಯಲ್ಲಿ ಉಳಿಯುವುದು ತನ್ನ ಎರಡೂ ಪಟ್ಟಿಗಳನ್ನು ಪ್ರಾಮಾಣಿಕವಾಗಿ ನೋಡಿಕೊಳ್ಳುವ ಕೆಲಸ ಮಾತ್ರ. ಅದನ್ನು ಕೊನೆಯ ಮೂರು ದಿನಗಳವರೆಗೆ ಕಾದಿಡಬೇಕೆಂಬ ನಿಯಮವೇನೂ ಇಲ್ಲ. ಪ್ರತಿಕ್ರಮಣವನ್ನು ದಿನದಿನದ ಆವಶ್ಯಕಗಳಲ್ಲಿ ಸೇರಿಸಿದ ಹಿರಿಯರು ಈ ಮಾತನ್ನು ಬಲ್ಲವರಾಗಿದ್ದರು.

ಬಂಕಾಪುರದ ಕೋಟೆಯಲ್ಲಿ ಮಾರಸಿಂಹನು ದೇಹವನ್ನು ಬಿಟ್ಟ ಜಾಗವನ್ನು ಗುರುತಿಸಿ ತೋರಿಸುವ ಫಲಕವಿಲ್ಲ. ಅವನ ಬಿರುದುಗಳನ್ನು ಓದಬೇಕಾದವರು ಶ್ರವಣಬೆಳಗೊಳಕ್ಕೆ ಹೋಗಬೇಕು. ಇಲ್ಲಿ ಸಂಜೆಯ ಹೊತ್ತಿಗೆ ನವಿಲುಗಳು ಕಂದಕದ ಅಂಚಿಗೆ ಬರುತ್ತವೆ. ಉದುರಿಸಿದ ಗರಿಗಳು ಹುಲ್ಲಿನ ಮೇಲೆ ಬಿದ್ದಿರುತ್ತವೆ. ಅಂಥ ಗರಿಗಳ ಪಿಂಛಿಯನ್ನೇ ಸವಣರು ಕೈಯಲ್ಲಿ ಹಿಡಿದು, ಅಡಿಯಿಡುವ ಮುನ್ನ ನೆಲದ ಮೇಲಿನ ಸಣ್ಣ ಜೀವಗಳನ್ನು ಮೆಲ್ಲನೆ ಪಕ್ಕಕ್ಕೆ ಸರಿಸುತ್ತಿದ್ದರು.